ಮಗುವಿನ ಚಿಕಿತ್ಸೆಗೆ ತಾಯಿಯ ಪಗಾರ ಬಲಿಯಾಗಬೇಕೆ?

ಕುತ್ತಿಗೆ ನಿಲ್ಲದ, ಮಾತು ಬಾರದ, ಹೆಜ್ಜೆ ಇಡಲಾರದ ಮಗುವನ್ನು ಮನೆಯೊಳಗೇ ಇಟ್ಟುಕೊಂಡು ಸಾಕುತ್ತಿರುವ ಕುಟುಂಬವನ್ನು ಕಾಣಲು ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳಲ್ಲಿ ಬಹಳ ದೂರ ಹೋಗಬೇಕಾಗಿಲ್ಲ. ತಂದೆ ಗಿರಣಿಯ ಪಾಳಿಗೆ ಹೋಗುತ್ತಾನೆ, ಇಲ್ಲವೆ ಸಂತೆಯಲ್ಲಿ ಅಂಗಡಿ ಹಾಕುತ್ತಾನೆ. ತಾಯಿ ಕೂಲಿ ಬಿಟ್ಟು ಮಗುವಿನ ಬಳಿ ಕೂಡುತ್ತಾಳೆ. ಉಳ್ಳವರು ಇಂಥ ಮಗುವಿಗಾಗಿ ಬೆಳಗಾವಿಯಲ್ಲಿಯೋ ಬೆಂಗಳೂರಿನಲ್ಲಿಯೋ ಮನೆ ಮಾಡಿ ದಿನನಿತ್ಯ ಥೆರಪಿ ಕೊಡಿಸಬಲ್ಲರು. ಬಡವನ ಪಾಲಿಗೆ ಹಣೆಬರಹವೆಂಬ ಒಂದೇ ಮಾತು. ಹೀಗೆ ಮನುಷ್ಯರು ಮಾಡಿಟ್ಟ ಅಂತರವನ್ನು ದೇವರ ತಲೆಗೆ ಕಟ್ಟುವುದಕ್ಕೆ ನಮ್ಮ ಒಪ್ಪಿಗೆಯಿಲ್ಲ.

ಥೆರಪಿಯೆಂದರೆ ಏನು? ಬಿಗಿದುಕೊಂಡ ಕೈಕಾಲುಗಳನ್ನು ಸಡಿಲಿಸಿ, ಕೂಡಲು, ನಿಲ್ಲಲು, ನಡೆಯಲು ಕಲಿಸುವುದು ಫಿಜಿಯೋಥೆರಪಿ. ತುತ್ತು ಬಾಯಿಗಿಡುವುದು, ಅಂಗಿಯ ಗುಂಡಿ ಹಾಕಿಕೊಳ್ಳುವುದು, ತಾನಾಗಿ ಬಯಲಕಡೆ ಹೋಗಿಬರುವುದು ಮೊದಲಾದ ದಿನದ ಕೆಲಸಗಳಿಗೆ ಮಗುವನ್ನು ಸಿದ್ಧಗೊಳಿಸುವ ಇನ್ನೊಂದು ವಿಧವುಂಟು. ಮಾತು, ನುಂಗುವಿಕೆಗಳಿಗೆ ವಾಕ್ ಚಿಕಿತ್ಸೆ. ಈ ಕೊನೆಯ ವಿದ್ಯೆಯನ್ನು ಕಲಿಸಲು ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದಲೇ ಇದೆ. ವಿದ್ಯೆ ನಾಡಿನಲ್ಲಿ ಇಲ್ಲವೆಂದು ಯಾರೂ ಹೇಳುವಂತಿಲ್ಲ. ಅದು ನಮ್ಮ ಓಣಿಯತನಕ ಬಂದು ಮುಟ್ಟಿಲ್ಲ, ಅಷ್ಟೆ.

ಥೆರಪಿಯಿಂದ ಎಲ್ಲ ದೋಷವೂ ಮಾಯವಾಗುತ್ತದೆಂದು ನಾವು ಸುಳ್ಳು ಆಸೆ ಹುಟ್ಟಿಸುವುದಿಲ್ಲ. ಮೆದುಳಿಗೆ ಆದ ಪೆಟ್ಟು ಮಾಯುವುದಿಲ್ಲ. ಆದರೆ ಎಲ್ಲಿ ನೋಯುತ್ತದೆಂದು ಹೇಳಲು ಕಲಿತ ಮಗು, ಯಾರ ನೆರವಿಲ್ಲದೆ ಉಣ್ಣಲು ಕಲಿತ ಮಗು, ಕಲಿಯದ ಮಗುವಿಗಿಂತ ಬೇರೆಯದೇ ಬಾಳನ್ನು ಬಾಳುತ್ತದೆ. ಅದರ ಜೊತೆಗೆ ತಾಯಿಯ ಬಾಳೂ ಹಗುರಾಗುತ್ತದೆ. ಇದಕ್ಕೆ ಹೊತ್ತು ಮೀರಬಾರದು. ಮೆದುಳು ಬೇಗ ಬೆಳೆಯುವುದು ಮೊದಲ ಆರು ವರ್ಷಗಳಲ್ಲಿ. ಹುಟ್ಟಿನಿಂದ ಸೊಟ್ಟಗಿರುವ ಪಾದವನ್ನು ಮೊದಲ ವಾರಗಳಲ್ಲಿಯೇ ವಾರಕ್ಕೊಮ್ಮೆ ಪ್ಲಾಸ್ಟರು ಬದಲಿಸುತ್ತ ತಿದ್ದತೊಡಗಿದರೆ ಬಹುಪಾಲು ಮಕ್ಕಳಿಗೆ ದೊಡ್ಡ ಶಸ್ತ್ರಕ್ರಿಯೆಯೇ ಬೇಡ. ಕಿವಿ ಕೇಳದಿರುವುದನ್ನು ತಡವಾಗಿ ಗುರುತಿಸಿದಷ್ಟೂ ಮಾತು ಕಲಿಸುವುದು ಕಷ್ಟ. ಹರಕೆ ಹೊರುವವರು ಹೊರಲಿ. ಆದರೆ ಹರಕೆ ತೀರುವವರೆಗೆ ಡಾಕ್ಟರರ ಬಳಿಗೆ ಹೋಗದಿರುವುದು ಮಗುವಿಗೆ ಮಾಡುವ ಅನ್ಯಾಯ.

ಇನ್ನು ಹೋಗುವ ಮಾತು. ಗೋಕಾಕದಿಂದ ಬೆಳಗಾವಿ ಅರವತ್ತು ಕಿಲೋಮೀಟರಿಗೂ ದೂರ. ಮೂಡಲಗಿಯವರಿಗೆ ಇನ್ನೂ ದೂರ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ತಾಯಿಗೆ ಸರಕಾರಿ ಬಸ್ಸಿನ ಚಾರ್ಜು ಉಳಿಯಿತು, ಅದು ಒಳ್ಳೆಯದೇ. ಆದರೆ ಅಂದಿನ ಕೂಲಿಯನ್ನು ಯಾರು ಕೊಡುತ್ತಾರೆ? ವಾರಕ್ಕೆ ಮೂರು ದಿನ ಥೆರಪಿ ಬೇಕಾದರೆ ಮೂರು ದಿನದ ಕೂಲಿ ಹೋಗುತ್ತದೆ. ಆದುದರಿಂದಲೇ ಎಷ್ಟೋ ತಾಯಂದಿರು ಎರಡು ತಿಂಗಳು ಓಡಾಡಿ ಕೈಬಿಡುತ್ತಾರೆ. ಅವರನ್ನು ಅಲಕ್ಷ್ಯದ ತಾಯಂದಿರೆಂದು ಜರಿಯುವವರು ಒಂದು ವಾರ ಆ ಮಗುವನ್ನು ಸೊಂಟದ ಮೇಲೆ ಹೊತ್ತು ಬಸ್ಸಿಗೆ ನಿಂತು ನೋಡಲಿ.

ಕಾನೂನು ಏನನ್ನುತ್ತದೆ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಒಪ್ಪಿಕೊಂಡಿದೆ. ಶೇಕಡಾ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವಿರುವ ಮಗುವಿಗೆ 6ರಿಂದ 18ನೆಯ ವಯಸ್ಸಿನವರೆಗೆ ಉಚಿತ ಶಿಕ್ಷಣದ ಹಕ್ಕು ಕೊಟ್ಟಿದೆ. 2013ರಲ್ಲಿ ಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಂತೆ ವೈದ್ಯರ ತಂಡವು ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರಕಾರಿ ಶಾಲೆಗೆ ಒಂದು ಸಲ ಬಂದು ಮಕ್ಕಳನ್ನು ಪರೀಕ್ಷಿಸಬೇಕು. ದೋಷ ಕಂಡ ಮಗುವನ್ನು ಜಿಲ್ಲಾ ಕೇಂದ್ರಕ್ಕೆ ಕಳಿಸಬೇಕು. ಕಳಿಸುವವರೆಗೆ ಕಾಗದ ಸರಿಯಾಗಿಯೇ ಇದೆ. ಕಳಿಸಿದ ಮೇಲೆ ಮಗು ದಿನವೂ ಜಿಲ್ಲೆಗೆ ಹೇಗೆ ಹೋಗಿಬರಬೇಕೆಂಬುದನ್ನು ಕಾಗದ ಬರೆದವರು ಯೋಚಿಸಿದಂತಿಲ್ಲ.

ಹಣದ ಲೆಕ್ಕವನ್ನೂ ನೋಡೋಣ. 2018ರ ಸಮಗ್ರ ಶಿಕ್ಷಣ ಯೋಜನೆಯಲ್ಲಿ ವಿಶೇಷ ಅಗತ್ಯವುಳ್ಳ ಮಗುವೊಂದಕ್ಕೆ ಗೊತ್ತುಮಾಡಿದ ಮೊತ್ತ ವರ್ಷಕ್ಕೆ 3,500 ರೂಪಾಯಿಯವರೆಗೆ. ದಿನಕ್ಕೆ ಹಂಚಿದರೆ ಹತ್ತು ರೂಪಾಯಿಯೂ ಆಗಲಿಲ್ಲ. ಸಲಕರಣೆ, ಪುಸ್ತಕ, ಓಡಾಟ, ಚಿಕಿತ್ಸೆ ಎಲ್ಲಕ್ಕೂ ಒಂದು ಚಹಾದ ರೊಕ್ಕ! ವರ್ಷಕ್ಕೊಮ್ಮೆ ಮೇಳ ನಡೆಸಿ, ಮೂರುಗಾಲಿಯ ಬಂಡಿಗಳನ್ನು ಸಾಲಾಗಿ ನಿಲ್ಲಿಸಿ, ಪುಢಾರಿಗಳು ಫೋಟೋ ತೆಗೆಸಿಕೊಳ್ಳುವುದನ್ನು ನಾವು ಕಂಡಿದ್ದೇವೆ. ಬಂಡಿ ಬೇಕು, ನಿಜ. ಆದರೆ ಅದರಲ್ಲಿ ನೆಟ್ಟಗೆ ಕೂಡುವಷ್ಟು ಬಲ ಮಗುವಿನ ಬೆನ್ನಿಗೆ ಬರುವುದು ವರ್ಷವಿಡೀ ನಡೆಯುವ ಕೆಲಸದಿಂದ. ಆ ಕೆಲಸದ ಫೋಟೋ ಯಾರೂ ತೆಗೆಯುವುದಿಲ್ಲ. ಅದಕ್ಕೇ ಅದರ ಕಡೆ ಯಾರೂ ತಿರುಗಿ ನೋಡುವುದಿಲ್ಲ.

ಗಿರಣಿ ಕಾಮಗಾರರು ತಿಳಿಯಲೇಬೇಕಾದ ಮಾತೊಂದಿದೆ. ವೈಕಲ್ಯದಿಂದ ಅಶಕ್ತವಾಗಿ ಪೂರ್ಣವಾಗಿ ಕಾಮಗಾರನ ದುಡಿಮೆಯನ್ನೇ ಅವಲಂಬಿಸಿದ ಮಗುವು, ಆ ಅಶಕ್ತತೆ ಇರುವವರೆಗೂ, ವಯಸ್ಸು ಎಷ್ಟೇ ಆಗಿರಲಿ, ಅವನ ಕುಟುಂಬಕ್ಕೆ ಸೇರಿದ್ದೆಂದು 1948ರ ಇ.ಎಸ್.ಐ. ಕಾಯ್ದೆ ಬರೆಯಿತು, 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಆ ಮಾತು ಉಳಿದಿದೆ. ನಿಮ್ಮ ಪಗಾರದಿಂದ ಇ.ಎಸ್.ಐ. ವಂತಿಗೆ ಕಡಿತವಾಗುತ್ತಿದ್ದರೆ ಮಗುವಿನ ಹೆಸರು ದಾಖಲೆಯಲ್ಲಿದೆಯೆ ನೋಡಿರಿ. ವಿಮೆಯಿಲ್ಲದ ಸಣ್ಣ ವ್ಯಾಪಾರಿಗಳಿಗೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿಯ ನಿರಾಮಯ ವಿಮೆಯುಂಟು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿ ಬೆಳವಣಿಗೆಯ ಕೊರತೆ, ಬಹುವೈಕಲ್ಯ ಇರುವವರಿಗೆ ಒಂದು ಲಕ್ಷ ರೂಪಾಯಿಯವರೆಗೆ ರಕ್ಷಣೆ. ಥೆರಪಿಯ ಖರ್ಚಿಗೂ ಅದರಲ್ಲಿ ಪಾಲಿದೆ.

ನಮ್ಮ ಬೇಡಿಕೆ ಮೂರು. ಒಂದು: ಮೂರೂ ತಾಲೂಕುಗಳ ಸರಕಾರಿ ಆಸ್ಪತ್ರೆಗಳಲ್ಲಿ ಫಿಜಿಯೋಥೆರಪಿ ಹಾಗೂ ವಾಕ್ ಚಿಕಿತ್ಸೆ ಬಲ್ಲವರು ಕಾಯಂ ಹುದ್ದೆಯಲ್ಲಿ, ಕೆಲಸದ ಎಲ್ಲ ದಿನವೂ ಇರಬೇಕು. ಎರಡು: ಮನೆಯಲ್ಲಿ ದಿನವೂ ಮಾಡಿಸಬೇಕಾದುದನ್ನು ತಾಯಿತಂದೆಗಳಿಗೆ ಕಲಿಸುವ ಹೊಣೆ ಅವರದಾಗಬೇಕು, ಚಿಕಿತ್ಸೆಯ ಅರ್ಧ ಕೆಲಸ ನಡೆಯುವುದು ಮನೆಯಲ್ಲಿಯೇ. ಮೂರು: ಮಗುವನ್ನು ಚಿಕಿತ್ಸೆಗೆ ಕರೆತಂದ ದಿನದ ಕೂಲಿ ಪಾಲಕರಿಗೆ ಸಿಗಬೇಕು.

ಸರಕಾರ ತಾನಾಗಿ ಎಚ್ಚರಾಗುವವರೆಗೆ ಕಾಯಬೇಕಾಗಿಲ್ಲ. ಘಟಪ್ರಭೆ ಧುಮುಕುವ ನೀರಿನಿಂದ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಗಿರಣಿ ತಿರುಗಿಸಿದ ನೆಲವಿದು. ಹುಕ್ಕೇರಿಯ ಜನ 1969ರಲ್ಲಿ ಸಹಕಾರಿ ಸಂಘ ಕಟ್ಟಿ ಹಳ್ಳಿಗಳಿಗೆ ವಿದ್ಯುತ್ತು ಹಂಚಲು ಮುಂದಾದರು. ದೀಪಕ್ಕೆ ಕೂಡಿದ ಕೈಗಳು ಮಕ್ಕಳಿಗಾಗಿ ಕೂಡಲಾರವೆ? ಪ್ರತಿ ಯೂನಿಯನ್ನು, ಪ್ರತಿ ವ್ಯಾಪಾರಿ ಸಂಘ ತನ್ನ ಓಣಿಯ ಇಂಥ ಮಕ್ಕಳ ಪಟ್ಟಿ ಮಾಡಲಿ. ತಾಲೂಕಾ ಆಸ್ಪತ್ರೆಯಲ್ಲಿ ಥೆರಪಿಯ ಹುದ್ದೆ ಎಷ್ಟು ಮಂಜೂರಾಗಿವೆ, ಎಷ್ಟು ಭರ್ತಿಯಾಗಿವೆ ಎಂದು 2005ರ ಮಾಹಿತಿ ಹಕ್ಕು ಕಾಯ್ದೆಯಂತೆ ಹತ್ತು ರೂಪಾಯಿ ತುಂಬಿ ಲಿಖಿತವಾಗಿ ಕೇಳಲಿ. ಬಂದ ಉತ್ತರವನ್ನೂ ಪಟ್ಟಿಯನ್ನೂ ಜೊತೆಗಿಟ್ಟುಕೊಂಡು ಮುಂದಿನ ಚುನಾವಣೆಗೆ ಮತ ಕೇಳಲು ಬರುವವರನ್ನು ಬಾಗಿಲಲ್ಲೇ ನಿಲ್ಲಿಸಿ ಲೆಕ್ಕ ಕೇಳೋಣ.