ಮೊದಲ ಪುಟದ ಗ್ಯಾರಂಟಿ ಎಂಬ ಬೋಗಸ್ ಚೆಕ್ಕು

ಗ್ಯಾರಂಟಿ ಅಂದರೆ ಏನು ಅಂತ ಬ್ಯಾಂಕಿನವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾವು ಒಂದು ಬ್ಯಾಂಕ್ ಗ್ಯಾರಂಟಿ ಬರೆದುಕೊಟ್ಟರೆ, ಪಾರ್ಟಿ ಮಾತು ತಪ್ಪಿದ ದಿನ ದುಡ್ಡು ನಾವು ಕಟ್ಟಬೇಕು. ಅದಕ್ಕೇ ಮಾರ್ಜಿನ್ ಹಿಡೀತೀವಿ, ಸೆಕ್ಯೂರಿಟಿ ಕೇಳ್ತೀವಿ, ಹತ್ತು ಸಲ ಯೋಚಿಸಿ ಸಹಿ ಹಾಕ್ತೀವಿ. ಈಗ ನೋಡಿ, ‘ನಿಮ್ಮ ವೆಬ್‌ಸೈಟನ್ನು ಗೂಗಲಿನ ಮೊದಲ ಪುಟಕ್ಕೆ ತರ್ತೀವಿ, ಗ್ಯಾರಂಟಿ!’ ಅನ್ನುವ ಎಸ್‌ಇಓ ಪಂಡಿತರು ಗಲ್ಲಿಗೊಬ್ಬರು ಹುಟ್ಟಿಕೊಂಡಿದ್ದಾರೆ. ಇವರ ಗ್ಯಾರಂಟಿಯನ್ನು ಹಿಡಿದುಕೊಂಡು ಯಾವ ಕೌಂಟರಿಗೆ ಹೋದರೂ ಹಣ ಸಿಗೋದಿಲ್ಲ. ಯಾಕಂದ್ರೆ ಪುಟವನ್ನು ಎಲ್ಲಿ ಕೂರಿಸಬೇಕು ಅನ್ನೋದು ಇವರ ಕೈಯಲ್ಲಿ ಇಲ್ಲವೇ ಇಲ್ಲ. ಮೊದಲ ಸ್ಥಾನದ ಗ್ಯಾರಂಟಿ ಯಾರೂ ಕೊಡಲಾರರು ಅಂತ ಗೂಗಲ್ಲೇ ತನ್ನ ಮಾರ್ಗದರ್ಶಿ ಪುಟದಲ್ಲಿ ಬರೆದಿದೆ. ಅದನ್ನು ಓದುವ ವ್ಯವಧಾನ ನಮಗಿಲ್ಲ, ಅಷ್ಟೇ.

ಇದು ಅಂಗಡಿಯವರ ತಲೆನೋವು, ನಮಗೇನು ಅಂತೀರಾ? ನಮಗೂ ಇದೆ ಸ್ವಾಮಿ. ಮುಂಬೈಯ ಕನ್ನಡ ಸಂಘಗಳು ದಶಕಗಳಿಂದ ಮಾಡಿದ ನಾಟಕ, ತಾಳಮದ್ದಳೆ, ಉಪನ್ಯಾಸಗಳ ಕ್ಯಾಸೆಟ್ಟು, ಸಿಡಿಗಳನ್ನೆಲ್ಲ ಈಗ ಒಂದೊಂದಾಗಿ ಯೂಟ್ಯೂಬಿಗೆ ಏರಿಸುತ್ತಿವೆ. ಹಗಲು ಹೋಟೆಲಿನಲ್ಲಿ ತಟ್ಟೆ ತೊಳೆದು, ರಾತ್ರಿ ಕನ್ನಡ ಶಾಲೆಯಲ್ಲಿ ಓದಿ ಮೇಲೆ ಬಂದ ಹಿರಿಯರ ಮಾತುಗಳು ಅದರಲ್ಲಿವೆ. ಅವರಲ್ಲಿ ಎಷ್ಟೋ ಮಂದಿ ಈಗಿಲ್ಲ. ಆ ರೆಕಾರ್ಡಿಂಗು ಇದೆ, ಆದರೆ ಹುಡುಕಿದರೆ ಸಿಗೋದಿಲ್ಲ. ಹುಡುಕಿದವನಿಗೆ ಸಿಗದ್ದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಪಾಸ್‌ಬುಕ್ ಕಳೆದು, ನಾಮಿನಿ ಹೆಸರೂ ಬರೆಸದೆ ಬಿಟ್ಟ ಡೆಪಾಸಿಟ್ಟಿನ ಹಾಗೆ!

ನಾನು ಲೆಕ್ಕ ನೋಡಿಕೊಡುವ ಒಂದು ಸಂಘಕ್ಕೂ ಇಂಥ ಪಂಡಿತರೊಬ್ಬರು ಬಂದಿದ್ದರು. ತಿಂಗಳಿಗೆ ಹದಿನೈದು ಸಾವಿರದ ಕೊಟೇಶನ್ನು. ಅದರಲ್ಲಿ ಮೂರು ಬಾಬತ್ತು: ಮೆಟಾ ಕೀವರ್ಡ್ ತುಂಬುವುದು, ಐನೂರು ಬ್ಯಾಕ್‌ಲಿಂಕ್ ಕೊಡಿಸುವುದು, ವೀಡಿಯೋಗಳಿಗೆ ಟ್ಯಾಗ್ ಹಾಕುವುದು. ಸದಸ್ಯರ ಚಂದಾ ಹಣ ಅಲ್ವೇ? ಒಂದೊಂದೇ ಬಾಬತ್ತು ನೋಡೋಣ ಬನ್ನಿ.

ಮೊದಲನೆಯದು ಮೆಟಾ ಕೀವರ್ಡ್. ಪುಟದ ಒಳಗೆ, ಓದುಗನ ಕಣ್ಣಿಗೆ ಕಾಣದ ಹಾಗೆ ಪದಗಳ ಪಟ್ಟಿ ತುರುಕುವುದು. ಪುಟದ ಶ್ರೇಯಾಂಕಕ್ಕೆ ಈ ಪಟ್ಟಿಯನ್ನು ಬಳಸುವುದೇ ಇಲ್ಲ ಅಂತ ಗೂಗಲ್ 2009ರಲ್ಲೇ ಬಹಿರಂಗವಾಗಿ ಹೇಳಿಬಿಟ್ಟಿದೆ. ಚಲಾವಣೆಯಲ್ಲಿ ಇಲ್ಲದ ನೋಟನ್ನು ಇವತ್ತೂ ಕೈಗೆ ಕೊಟ್ಟು ಹೋಗುವ ಧೈರ್ಯ ನೋಡಿ!

ಎರಡನೆಯದು ಬ್ಯಾಕ್‌ಲಿಂಕ್. ಇದರ ಹಿಂದೆ ಒಂದು ಒಳ್ಳೆಯ ವಿಚಾರವೇ ಇದೆ. ಸ್ಟ್ಯಾನ್‌ಫರ್ಡಿನಲ್ಲಿ ಓದುತ್ತಿದ್ದ ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ 1998ರಲ್ಲಿ ಗೂಗಲ್ ಕಂಪನಿ ಕಟ್ಟಿದ್ದೇ ಈ ವಿಚಾರದ ಮೇಲೆ. ಒಂದು ಪುಟಕ್ಕೆ ಬೇರೆ ಪುಟ ಕೊಂಡಿ ಕೊಟ್ಟರೆ ಅದು ಒಂದು ಶಿಫಾರಸು. ಶಿಫಾರಸು ಮಾಡಿದವನು ಎಂಥವನು ಅನ್ನೋದರ ಮೇಲೆ ಅದರ ತೂಕ. ಹಿಂದೆ ನಮ್ಮಲ್ಲಿ ಖಾತೆ ತೆರೆಯೋಕೆ ಇಂಟ್ರೊಡಕ್ಷನ್ ಬೇಕಿತ್ತಲ್ಲ, ಹಾಗೆ. ಆದರೆ ಐನೂರು ಲಿಂಕನ್ನು ದುಡ್ಡು ಕೊಟ್ಟು ತರೋದು ಅಂದರೆ? ಸರಕೇ ಕೈಬದಲಾಗದೆ ಇಬ್ಬರು ವ್ಯಾಪಾರಿಗಳು ಒಬ್ಬರ ಮೇಲೊಬ್ಬರು ಹುಂಡಿ ಬರೆದುಕೊಂಡು ಬ್ಯಾಂಕಿನಿಂದ ದುಡ್ಡೆತ್ತುತ್ತಾರಲ್ಲ, ಆ ಅಕಾಮಡೇಶನ್ ಬಿಲ್ಲಿನ ಆಟವೇ ಇದು. ಸ್ವಲ್ಪ ದಿನ ನಡೆಯುತ್ತೆ, ಆಮೇಲೆ ಇನ್‌ಸ್ಪೆಕ್ಷನ್ ಬರುತ್ತೆ. ಗೂಗಲಿನ ಇನ್‌ಸ್ಪೆಕ್ಷನ್ನು 2012ರ ಏಪ್ರಿಲ್‌ನಲ್ಲಿ ಪೆಂಗ್ವಿನ್ ಎಂಬ ಹೆಸರಲ್ಲಿ ಬಂತು. ಅದಕ್ಕೂ ಮುಂಚೆ, 2011ರಲ್ಲಿ, ಹುರುಳಿಲ್ಲದ ಪುಟಗಳನ್ನು ಕೆಳಕ್ಕೆ ತಳ್ಳುವ ಪಾಂಡಾ ಬಂದಿತ್ತು. ಲಿಂಕ್ ಕೊಳ್ಳುವುದು ಇವತ್ತಿಗೂ ಅವರ ನಿಯಮದಲ್ಲಿ ಅಪರಾಧವೇ. ಸಿಕ್ಕಿಬಿದ್ದರೆ ಪಂಡಿತರಿಗೇನೂ ಆಗೋದಿಲ್ಲ, ಪುಟ ಕಾಣೆಯಾಗೋದು ಸಂಘದ್ದು.

ಮೂರನೆಯದು ಟ್ಯಾಗು. ವೀಡಿಯೋ ಸಿಗುವಂತೆ ಮಾಡುವುದರಲ್ಲಿ ಟ್ಯಾಗಿನ ಪಾತ್ರ ತೀರ ಕಡಿಮೆ ಅಂತ ಯೂಟ್ಯೂಬಿನ ಸಹಾಯ ಪುಟದಲ್ಲೇ ಇದೆ. ಶೀರ್ಷಿಕೆ, ಥಂಬ್‌ನೈಲ್, ವಿವರಣೆ ಇವು ಮುಖ್ಯ. ಅಂದಮೇಲೆ ಹದಿನೈದು ಸಾವಿರ ಯಾವುದಕ್ಕೆ?

ಸರಿ, ಪಂಡಿತರನ್ನು ಬೈದಿದ್ದಾಯ್ತು. ಈಗ ನಮ್ಮವರ ಸರದಿ. ಯಾಕಂದ್ರೆ ಮೋಸ ಮಾಡುವವನಿಗೆ ಜಾಗ ಮಾಡಿಕೊಟ್ಟಿದ್ದು ನಮ್ಮ ಸೋಮಾರಿತನವೇ.

ಒಂದೂವರೆ ಗಂಟೆಯ ಅಪರೂಪದ ತಾಳಮದ್ದಳೆಗೆ ನಮ್ಮವರು ಇಡುವ ಶೀರ್ಷಿಕೆ ಏನು ಗೊತ್ತೇ? ‘ವಾರ್ಷಿಕೋತ್ಸವ ಭಾಗ 3’. ವಿವರಣೆಯ ಜಾಗ ಖಾಲಿ. ಅಲ್ಲಿ ಐದು ಸಾವಿರ ಅಕ್ಷರ ಬರೆಯೋಕೆ ಯೂಟ್ಯೂಬ್ ಪುಕ್ಕಟೆ ಜಾಗ ಕೊಟ್ಟಿದೆ. ಪ್ರಸಂಗ ಯಾವುದು, ಭಾಗವತರು ಯಾರು, ಅರ್ಥ ಹೇಳಿದವರು ಯಾರು, ಯಾವ ಊರು, ಯಾವ ಇಸವಿ, ಇಷ್ಟು ಬರೆಯೋಕೆ ಕನ್ಸಲ್ಟೆಂಟ್ ಬೇಕೇ? ‘ಕರ್ಣಾರ್ಜುನ ಕಾಳಗ’ ಅಂತ ಹುಡುಕುವವನಿಗೆ ‘ಭಾಗ 3’ ಹೇಗೆ ಸಿಗಬೇಕು? ಬೀರುವಿನಲ್ಲಿ ಫೈಲ್ ಇಟ್ಟು ಮೇಲೆ ಹೆಸರು ಬರೆಯದ ಗುಮಾಸ್ತನನ್ನು ನಾವು ಬ್ಯಾಂಕಿನಲ್ಲಿ ಸುಮ್ಮನೆ ಬಿಡ್ತೀವಾ?

ಉದ್ದದ ವೀಡಿಯೋ ಆದರೆ ವಿವರಣೆಯಲ್ಲಿ ಇಷ್ಟನೇ ನಿಮಿಷಕ್ಕೆ ಇಂಥವರ ಮಾತು ಅಂತ ಸಮಯ ನಮೂದಿಸಿ. ಮೊದಲನೆಯದು 00:00 ಇರಬೇಕು, ಕನಿಷ್ಠ ಮೂರು ಇರಬೇಕು. ಆಗ ಅದು ತಾನಾಗಿ ಅಧ್ಯಾಯಗಳಾಗುತ್ತೆ. ಮಾತಿನ ಮುಖ್ಯಾಂಶವನ್ನು ಕನ್ನಡದಲ್ಲಿ ಟೈಪ್ ಮಾಡಿ ಹಾಕಿ. ಸಂಘದ ವೆಬ್‌ಸೈಟಿನಲ್ಲಿ ನಲವತ್ತು ವೀಡಿಯೋಗಳನ್ನು ಒಂದೇ ಪುಟಕ್ಕೆ ತುರುಕಬೇಡಿ, ಒಂದೊಂದಕ್ಕೆ ಒಂದೊಂದು ಪುಟ ಕೊಡಿ. 2023ರಿಂದೀಚೆಗೆ ಗೂಗಲ್ ತನ್ನ ವೀಡಿಯೋ ವಿಭಾಗದಲ್ಲಿ, ವೀಡಿಯೋವೇ ಪ್ರಧಾನವಾಗಿರುವ ಪುಟಗಳನ್ನು ಮಾತ್ರ ತೋರಿಸುತ್ತೆ.

ಇನ್ನು ಬರಹದ ಕಥೆ. ಹಳೆಯ ಸ್ಮರಣ ಸಂಚಿಕೆಯನ್ನು ಸ್ಕ್ಯಾನ್ ಮಾಡಿ ಚಿತ್ರವಾಗಿ ಹಾಕಿದರೆ ಕೆಲಸ ಮುಗೀತು ಅಂದುಕೊಳ್ತಾರೆ. ಯಂತ್ರ ಈಗ ಚಿತ್ರದ ಅಕ್ಷರವನ್ನೂ ಅಷ್ಟಿಷ್ಟು ಓದುತ್ತೆ, ನಿಜ. ಆದರೆ ಮುಖ್ಯವಾದ ಬರಹವನ್ನು ಚಿತ್ರದೊಳಗೆ ಹುದುಗಿಸಬೇಡಿ ಅಂತ ಗೂಗಲ್ಲೇ ಹೇಳುತ್ತೆ. ಅದಕ್ಕಿಂತ ದೊಡ್ಡ ರೋಗ ಹಳೇ ಫಾಂಟುಗಳದ್ದು. ಆ ಪುಟ ನಮ್ಮ ಕಣ್ಣಿಗೆ ಕನ್ನಡ. ಯಂತ್ರದ ಪಾಲಿಗೆ ಅದು ರೋಮನ್ ಚಿಹ್ನೆಗಳ ಕಲಸುಮೇಲೋಗರ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಿಂದಲೂ ಸ್ಥಾನ ಇದೆ. ಇಷ್ಟು ವರ್ಷವಾದರೂ ಹಳೇ ಫಾಂಟಿನ ಲೇಖನ ಹಾಗೇ ಬಿದ್ದಿದ್ದರೆ, ಅದನ್ನು ಕನ್ವರ್ಟ್ ಮಾಡದ ತಪ್ಪು ಗೂಗಲಿನದ್ದೇ?

‘ಕನ್ನಡದಲ್ಲಿ ಯಾರ್ರೀ ಹುಡುಕ್ತಾರೆ, ಇಂಗ್ಲಿಷಿನಲ್ಲೇ ಹಾಕಿ’ ಅನ್ನುವವರಿದ್ದಾರೆ. ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳು ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಕುಟ್ಟಿ ಹುಡುಕ್ತಾರೆ, ಒಪ್ಪಿದೆ. ಅದಕ್ಕೆ ವಿವರಣೆಯಲ್ಲಿ ಒಂದು ಸಾಲು ಇಂಗ್ಲಿಷ್ ಲಿಪಿಯಲ್ಲೂ ಬರೆಯಿರಿ, ಬೇಡ ಅಂದವರ್ಯಾರು? ಆದರೆ ಕನ್ನಡವನ್ನು ಅಳಿಸಿ ಅದನ್ನು ಹಾಕಬೇಡಿ. ಕನ್ನಡದ ಪುಟಗಳೇ ಇಲ್ಲದಿದ್ದರೆ ಕನ್ನಡದಲ್ಲಿ ಹುಡುಕಿದವನಿಗೆ ಏನು ತಾನೇ ಸಿಗಬೇಕು? ಏನೂ ಸಿಗದಿದ್ದರೆ ಅವನು ಮತ್ತೆ ಕನ್ನಡದಲ್ಲಿ ಹುಡುಕ್ತಾನೆಯೇ?

ಇನ್ನೊಂದು ವಾದ: ‘ಈಗ ಎಐ ಬಂದಿದೆ, ಉತ್ತರ ಅದೇ ಕೊಡುತ್ತೆ, ಪುಟ ಯಾರಿಗೆ ಬೇಕು?’ 2024ರಲ್ಲಿ ಗೂಗಲಿನ ಎಐ ಸಾರಾಂಶ ನಮ್ಮ ದೇಶಕ್ಕೂ ಬಂತು, ಪುಟ ತೆರೆಯದೆಯೇ ಉತ್ತರ ಓದಿ ಹೋಗುವವರು ಇದ್ದಾರೆ. ಆದರೆ ಆ ಉತ್ತರ ಆಕಾಶದಿಂದ ಬೀಳೋದಿಲ್ಲ, ಯಾರೋ ಬರೆದಿಟ್ಟ ಪುಟದಿಂದಲೇ ಬರಬೇಕು. ಮುಂಬೈಯ ಕನ್ನಡ ರಾತ್ರಿ ಶಾಲೆಗಳ ಬಗ್ಗೆ ನಾವೇ ಬರೆಯದಿದ್ದರೆ, ಆ ಯಂತ್ರ ‘ಗೊತ್ತಿಲ್ಲ’ ಅನ್ನುತ್ತೆ, ಇಲ್ಲವೇ ಬಾಯಿಗೆ ಬಂದದ್ದು ಹೇಳುತ್ತೆ. ಎರಡೂ ನಮಗೇ ನಷ್ಟ.

ಇದಕ್ಕೆಲ್ಲ ಖರ್ಚೆಷ್ಟು? ಪುಟ ಗೂಗಲಿಗೆ ಕಾಣ್ತಿದೆಯೋ ಇಲ್ಲವೋ, ಜನ ಯಾವ ಪದ ಹಾಕಿ ಬರ್ತಿದ್ದಾರೆ ಅಂತ ತೋರಿಸುವ ಸರ್ಚ್ ಕನ್ಸೋಲ್ ಪುಕ್ಕಟೆ. ಯೂನಿಕೋಡ್ ಪುಕ್ಕಟೆ. ನಿವೃತ್ತರಾಗಿ ಮನೆಯಲ್ಲಿ ಕೂತಿರುವ, ಕನ್ನಡ ಬಲ್ಲ ಸದಸ್ಯರು ಪ್ರತಿ ಸಂಘದಲ್ಲೂ ಇದ್ದಾರೆ. ವಾರಕ್ಕೆ ಎರಡು ವೀಡಿಯೋಗೆ ವಿವರಣೆ ಬರೆದರೂ ವರ್ಷಕ್ಕೆ ನೂರಾಯಿತು. ನಾಳೆಯೇ ಫಲ ಸಿಗೋದಿಲ್ಲ. ಸಾಮಾನ್ಯವಾಗಿ ನಾಲ್ಕು ತಿಂಗಳಿಂದ ಒಂದು ವರ್ಷ ಬೇಕು ಅಂತ ಗೂಗಲ್ಲೇ ಹೇಳಿದೆ. ಆರ್‌ಡಿ ಕಟ್ಟುವವನಿಗೆ ಇರುವ ತಾಳ್ಮೆ ಇದ್ದರೆ ಸಾಕು.

ಆದ್ದರಿಂದ ಸಂಘಗಳ ಪದಾಧಿಕಾರಿಗಳಲ್ಲಿ ನನ್ನ ಬಿನ್ನಹ ಇಷ್ಟೇ. ಮುಂದಿನ ಸಭೆಯಲ್ಲಿ ಎಸ್‌ಇಓ ಕೊಟೇಶನ್ ಬಂದರೆ ಪಾಸ್ ಮಾಡಬೇಡಿ. ಬದಲಿಗೆ ನಿಮ್ಮ ಹಳೆಯ ವೀಡಿಯೋಗಳ ಪಟ್ಟಿ ಮಾಡಿ, ಅದರಲ್ಲಿರುವ ಮುಖಗಳನ್ನು ಗುರುತಿಸಬಲ್ಲ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೆಸರು, ಊರು, ಇಸವಿ ಬರೆಸಿಕೊಳ್ಳಿ. ಅವರು ಇರುವಾಗಲೇ ಬರೆಸಿಕೊಳ್ಳಿ. ಆಮೇಲೆ ಎಷ್ಟು ಸಾವಿರ ಕೊಟ್ಟರೂ ಆ ಹೆಸರುಗಳನ್ನು ಯಾವ ಕನ್ಸಲ್ಟೆಂಟೂ ತಂದುಕೊಡಲಾರ.

ನೀವೇನಂತೀರಿ?