ಪುಕ್ಕಟೆ ಆಟದ ಬೆಲೆ



ಕಲ್ಯಾಣದುರ್ಗ, ಹಿಂದೂಪುರದ ಕಡೆಯ ನಮ್ಮ ಕನ್ನಡ ಕುಟುಂಬಗಳಲ್ಲಿ ಮನೆಯ ಮಾತು ಕನ್ನಡ, ಬೀದಿಯ ಮಾತು ತೆಲುಗು, ಶಾಲೆಯ ಮಾತು ಇಂಗ್ಲಿಷ್. ಈಗ ನಾಲ್ಕನೆಯ ಭಾಷೆಯೊಂದು ಸೇರಿಕೊಂಡಿದೆ. 'ಪುಲ್', 'ಬ್ಯಾನರ್', 'ಪಿಟಿ', 'ಫೈವ್ ಸ್ಟಾರ್' ಎಂದು ಮಕ್ಕಳು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಾರೆ. ತಂದೆತಾಯಿಯರಿಗೆ ಒಂದೂ ತಿಳಿಯದು. ಮನೆಭೇಟಿಗೆ ಹೋದಾಗ, "ಪುಕ್ಕಟೆ ಆಟವಂತೆ ಫಾದರ್, ಆಡಿಕೊಳ್ಳಲಿ ಬಿಡಿ" ಎನ್ನುವವರೂ ಉಂಟು. "ನೀವೇ ಬೈದು ಬಿಡಿಸಿ" ಎನ್ನುವವರೂ ಉಂಟು. ಬೈಯುವುದಕ್ಕೆ ಮೊದಲು ಅದೇನೆಂದು ತಿಳಿಯೋಣ. ಆಡುವವರೇ ಏನೆನ್ನುತ್ತಾರೆಂದು ಕೇಳೋಣ.

ಈ ಬಗೆಯ ಆಟಗಳಿಗೆ 'ಗಾಚಾ' ಎಂದು ಹೆಸರು. ಜಪಾನಿನ ಅಂಗಡಿಗಳ ಮುಂದೆ ಗೊಂಬೆ ಕೊಡುವ ಯಂತ್ರಗಳಿರುತ್ತವೆ. ನಾಣ್ಯ ಹಾಕಿ ಹಿಡಿ ತಿರುಗಿಸಿದರೆ ಒಂದು ಡಬ್ಬಿ ಬೀಳುತ್ತದೆ. ಒಳಗೆ ಯಾವ ಗೊಂಬೆ ಇದೆಯೋ ತೆರೆಯುವ ತನಕ ಗೊತ್ತಿಲ್ಲ. ನಮ್ಮೂರ ಪೆಟ್ಟಿಗೆ ಅಂಗಡಿಯಲ್ಲಿ ಚಿಕ್ಕಂದಿನಲ್ಲಿ ಚೀಟಿ ಎತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅದೇ ಚೀಟಿ ಈಗ ಮೊಬೈಲಿನೊಳಗೆ ಕುಳಿತಿದೆ.

ಇವುಗಳಲ್ಲಿ ಬಹಳ ಹೆಸರಾದದ್ದು ಚೀನಾದ ಮಿಹೋಯೋ ಕಂಪನಿಯ 'ಗೆನ್‌ಶಿನ್ ಇಂಪ್ಯಾಕ್ಟ್'. 2020ರ ಸೆಪ್ಟೆಂಬರ್ 28ರಂದು ಬಿಡುಗಡೆಯಾಯಿತು. ಆಡಲು ಒಂದು ಪೈಸೆಯೂ ಬೇಡ. ಆದರೆ ಹೊಸ ವೀರರು ಬೇಕಾದರೆ ಚೀಟಿ ಎತ್ತಬೇಕು. ಒಂದು ಸಲ ಎತ್ತಲು ಆಟದೊಳಗಿನ 160 ರತ್ನಗಳು ಬೇಕು. ಐದು ನಕ್ಷತ್ರದ ವೀರ ಸಿಗುವ ಸಾಧ್ಯತೆ ಶೇಕಡಾ 0.6, ಅಂದರೆ ಸಾವಿರಕ್ಕೆ ಆರು. 89 ಸಲ ಸಿಗದಿದ್ದರೆ 90ನೆಯ ಸಲ ಐದು ನಕ್ಷತ್ರದವನೊಬ್ಬ ಖಂಡಿತ ಸಿಗುತ್ತಾನೆ. ಇದಕ್ಕೇ 'ಪಿಟಿ', ಎಂದರೆ ಕನಿಕರ, ಎನ್ನುತ್ತಾರೆ! ಆದರೆ ಸಿಕ್ಕವನು ನಾವು ಬಯಸಿದವನೇ ಆಗಬೇಕೆಂದಿಲ್ಲ. ಅದಕ್ಕೆ 180 ಸಲದವರೆಗೂ ಎತ್ತಬೇಕಾದೀತು. ಲೆಕ್ಕ ಹಾಕಿ: 28,800 ರತ್ನಗಳು. ದಿನದಿನ ಆಡಿದರೆ ರತ್ನಗಳು ಅಷ್ಟಿಷ್ಟು ಸಿಗುತ್ತವೆ. ಕಾಯಲಾರದವರು ಹಣ ಕೊಟ್ಟು ಕೊಳ್ಳುತ್ತಾರೆ.

ಆಡುವವರ ಅಭಿಪ್ರಾಯ ಒಂದೇ ಅಲ್ಲ. ಕೆಲವರು ಮನಸಾರೆ ಹೊಗಳುತ್ತಾರೆ. ಬೆಟ್ಟ, ಹೊಳೆ, ಊರುಗಳ ಚೆಲುವು, ಸಂಗೀತ, ಕಥೆ ಎಲ್ಲವೂ ಮೆಚ್ಚುವಂಥದ್ದು. ಹಣ ಹಾಕದೆಯೇ ಕಥೆ ಮುಗಿಸಬಹುದು ಎನ್ನುತ್ತಾರೆ. ಅದು ಸುಳ್ಳಲ್ಲ. ಇನ್ನು ಕೆಲವರ ದೂರು ಬೇರೆ: ಬಯಸಿದ ವೀರ ಕೆಲವೇ ವಾರ ಇದ್ದು ಹೋಗುತ್ತಾನೆ, ಈಗ ಬಿಟ್ಟರೆ ಮತ್ತೆ ಯಾವಾಗಲೋ ಎಂಬ ತಳಮಳ; ಒಂದು ದಿನ ಆಡದಿದ್ದರೆ ಏನೋ ಕಳೆದುಕೊಂಡಂತೆ. 2021ರ ಸೆಪ್ಟೆಂಬರ್‌ನಲ್ಲಿ ಮೊದಲ ವಾರ್ಷಿಕೋತ್ಸವದ ಉಡುಗೊರೆ ಸಾಲದೆಂದು ಸಿಟ್ಟಿಗೆದ್ದ ಆಟಗಾರರು ಪ್ಲೇ ಸ್ಟೋರ್‌ನಲ್ಲಿ ರಾಶಿ ರಾಶಿಯಾಗಿ ಒಂದೇ ನಕ್ಷತ್ರ ಕೊಟ್ಟರು. ಬಳಿಕ ಕಂಪನಿ 1,600 ರತ್ನಗಳನ್ನು ಹಂಚಿತು. ಎಷ್ಟಾಯಿತು? ಹತ್ತು ಚೀಟಿ! ಹತ್ತು ಚೀಟಿಗಾಗಿ ಅಷ್ಟು ಜನರ ಮನಸ್ಸು ಕುದಿಯಿತೆಂದರೆ ಅದು ಎಷ್ಟು ಆಳಕ್ಕೆ ಬೇರು ಬಿಟ್ಟಿರಬೇಡ?

ದೊಡ್ಡ ದೇಶಗಳೂ ಇದನ್ನು ಹಗುರವಾಗಿ ಕಂಡಿಲ್ಲ. ಬಿಡಿ ಚೀಟಿಗಳ ಪೂರ್ತಿ ಜೋಡಿ ಕೂಡಿಸಿದರೆ ಮಾತ್ರ ಬಹುಮಾನ ಎಂಬ ಪದ್ಧತಿಯನ್ನು ಜಪಾನ್ 2012ರಲ್ಲಿ ನಿಲ್ಲಿಸಿತು. ಹಣ ಕೊಟ್ಟು ತೆರೆಯುವ ಇಂಥ ಪೆಟ್ಟಿಗೆಗಳು ಜೂಜೇ ಎಂದು 2018ರಲ್ಲಿ ಬೆಲ್ಜಿಯಂ ಹೇಳಿತು. 2025ರ ಜನವರಿಯಲ್ಲಿ ಗೆನ್‌ಶಿನ್‌ನ ಕಂಪನಿ ಅಮೆರಿಕಾದಲ್ಲಿ 2 ಕೋಟಿ ಡಾಲರ್ ಕಟ್ಟಲು ಒಪ್ಪಿತು. ತಂದೆತಾಯಿಯರ ಒಪ್ಪಿಗೆಯಿಲ್ಲದೆ 16 ವರ್ಷದೊಳಗಿನವರಿಗೆ ಚೀಟಿ ಮಾರುವುದಿಲ್ಲವೆಂದೂ ಒಪ್ಪಿತು. ರತ್ನ, ಸ್ಫಟಿಕ ಎಂದು ಹಣಕ್ಕೆ ನಾನಾ ಹೆಸರು ಕೊಟ್ಟು ನಿಜವಾದ ಖರ್ಚನ್ನು ಮರೆಮಾಚಿದ್ದಾರೆ ಎಂಬುದು ಅಲ್ಲಿನ ಸರ್ಕಾರದ ಆರೋಪಗಳಲ್ಲಿ ಒಂದು.

ನಮ್ಮಲ್ಲಿ? ಕರ್ನಾಟಕ 2007ರಲ್ಲಿ ಲಾಟರಿಯನ್ನು ನಿಷೇಧಿಸಿತು. ಆಂಧ್ರ 2020ರಲ್ಲಿ ಆನ್‌ಲೈನ್ ಜೂಜನ್ನು ನಿಷೇಧಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟಗಳ ವಿರುದ್ಧ ಕಾನೂನು ತಂದಿತು. ಆದರೆ ಗಾಚಾದಲ್ಲಿ ಗೆಲ್ಲುವುದು ಹಣವಲ್ಲ, ಚಿತ್ರದ ವೀರನನ್ನು. ಆದ್ದರಿಂದ ಕಾನೂನು ನೋಡಿಕೊಳ್ಳುತ್ತದೆಂದು ನಾವು ಕೈಕಟ್ಟಿ ಕೂರುವಂತಿಲ್ಲ. ಮಳೆ ನಂಬಿ ಶೇಂಗಾ ಬಿತ್ತುವ ಸೀಮೆ ನಮ್ಮದು. ಬೆಳೆಯೇ ಒಂದು ಅದೃಷ್ಟವಾಗಿರುವಾಗ, ಬೀಜಕ್ಕೆಂದು ಇಟ್ಟ ಹಣ ಇನ್ನೊಂದು ಅದೃಷ್ಟಕ್ಕೆ ಹೋಗಬಾರದು.

ಹಾಗಾದರೆ ಏನು ಮಾಡೋಣ? ಮೊದಲನೆಯದಾಗಿ, ಯುಪಿಐ ಗುಟ್ಟು ಸಂಖ್ಯೆ ಮಕ್ಕಳಿಗೆ ಗೊತ್ತಿರುವುದು ಬೇಡ. ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವ ಏರ್ಪಾಡು ಪ್ಲೇ ಸ್ಟೋರ್‌ನಲ್ಲಿದೆ. ಅದನ್ನು ಇಂದೇ ಮಾಡಿಕೊಳ್ಳಿ. ಎರಡನೆಯದಾಗಿ, ಫೋನ್ ಕಿತ್ತುಕೊಳ್ಳುವ ಮುನ್ನ ಒಂದು ಸಂಜೆ ಮಗನ ಪಕ್ಕ, ಮಗಳ ಪಕ್ಕ ಕುಳಿತು, "ಇದರಲ್ಲಿ ನಿನಗೇನು ಇಷ್ಟ? ಏನು ಬೇಸರ?" ಎಂದು ಕೇಳಿ. ಕಥೆ ಇಷ್ಟವೆಂದರೆ ಹೊತ್ತು ಗೊತ್ತುಮಾಡಿ ಆಡಲಿ. ಚೀಟಿಯದೇ ಮಾತಾಡಿದರೆ ಮೇಲಿನ ಲೆಕ್ಕವನ್ನು ಅವರ ಕೈಯಲ್ಲೇ ಕಾಗದದ ಮೇಲೆ ಬರೆಸಿ. ಸಾವಿರಕ್ಕೆ ಆರು ಎಂಬುದನ್ನು ಸ್ವತಃ ಬರೆದ ಮಗು ಬೈಸಿಕೊಂಡ ಮಗುವಿಗಿಂತ ಬೇಗ ಅರ್ಥಮಾಡಿಕೊಳ್ಳುತ್ತದೆ.

ಆಟ ಬೇಡವೆನ್ನುವವರು ನಾವಲ್ಲ. ಆದರೆ ಮಕ್ಕಳು ಆಟವನ್ನು ಆಡಬೇಕು, ಆಟ ಮಕ್ಕಳನ್ನು ಆಡಿಸಬಾರದು.