ಮಾವ ಹೇಳಿದ್ದು, ನಾನು ಹೇಳಿದ್ದು

ಕೊಚ್ಚಿಗೆ ಬಂದು ಇಪ್ಪತ್ತೆಂಟು ವರ್ಷ ಆಯ್ತು. ಮೀನು ಮಾರ್ಕೆಟ್ಟಿನಲ್ಲಿ ಚೌಕಾಸಿ ಮಾಡುವಷ್ಟು, ನೆರೆಯವರ ಜೊತೆ ಜಗಳ ಆಡುವಷ್ಟು ಮಲಯಾಳ ಬರ್ತದೆ. ಅದೇ ಧೈರ್ಯದಲ್ಲಿ ಸೋದರಮಾವನನ್ನು ಇಲ್ಲಿಗೆ ಕರೆಸಿದೆ.

ಅವರ ಮನೆ ಕಾಸರಗೋಡಿನ ಎಣ್ಮಕಜೆಯಲ್ಲಿ, ಪೆರ್ಲದಿಂದ ಒಳಗೆ. ಕುಡಿತ ಹನ್ನೆರಡು ವರ್ಷದ್ದು. ಒಮ್ಮೆ ಹಠ ಹಿಡಿದು ತಾವೇ ಬಿಟ್ಟರು. ಮೊದಲ ದಿನ ಕೈನಡುಕ, ಮೂರನೇ ದಿನ ಗೋಡೆ ತುಂಬಾ ಹಾವು ಕಾಣಲಿಕ್ಕೆ ಶುರು. ಊರಿನವರು ಭೂತದ ಉಪದ್ರ ಅಂದರು. ಮಂಗಳೂರಿಗೆ ಒಯ್ದು ಹೇಗೋ ಉಳಿಸಿಕೊಂಡೆವು. ಆರು ತಿಂಗಳಲ್ಲಿ ಮತ್ತೆ ಅದೇ ಕಥೆ.

ಇಲ್ಲಿ ಡಾಕ್ಟರು ಮಲಯಾಳದಲ್ಲಿ ಕೇಳುವುದು, ನಾನು ಕನ್ನಡ ಮಾಡುವುದು. ಮಾವ ನೆಲ ನೋಡುತ್ತಾ, "ಬಾವಿಕಟ್ಟೆ ಹತ್ತಿರ ಹೋದರೆ ಹಾರುವ ಅಂತ ಕಾಣ್ತದೆ ಮಾರಾಯ" ಅಂದರು. ಪಕ್ಕದಲ್ಲಿ ಅತ್ತೆ ಕೂತಿದ್ದರು. ನನ್ನ ಬಾಯಿಂದ ಬಂದದ್ದು, "ಸ್ವಲ್ಪ ಬೇಜಾರಂತೆ ಡಾಕ್ಟ್ರೇ."

ಡಾಕ್ಟರು ನನ್ನನ್ನೇ ನೋಡಿದರು. "ಅವರು ಹೇಳಿದ್ದು ಇಷ್ಟೇಯಾ?"

ಅವರು ಕೇಳದೇ ಇರುತ್ತಿದ್ದರೆ?

ಕಾಲು ಮುರಿದರೆ ಎಕ್ಸ್‌ರೇಗೆ ಭಾಷೆ ಬೇಡ. ಮನಸ್ಸಿನ ಕಾಯಿಲೆಗೆ ಮಾತೇ ಎಕ್ಸ್‌ರೇ. ಅದನ್ನು ನನ್ನಂಥ ಅಳಿಯನ ಕೈಗೆ ಕೊಡಬಾರದು. ತಿರುವನಂತಪುರದಲ್ಲಿ 1870ರಿಂದ ಮಾನಸಿಕ ಆಸ್ಪತ್ರೆ ಉಂಟು. ಅಬಕಾರಿ ಇಲಾಖೆಯ 'ವಿಮುಕ್ತಿ'ಯಿಂದ ಜಿಲ್ಲೆಜಿಲ್ಲೆಗೂ ಚಿಕಿತ್ಸಾ ಕೇಂದ್ರ ಬಂದಿದೆ. ಸಂತೋಷವೇ. ಆದರೆ ನಮ್ಮ ಗುಡ್ಡದವರಿಗೆ ಅಲ್ಲಿ ಯಾವ ಭಾಷೆಯಲ್ಲಿ ಅಳಬೇಕು ಅಂತ ಯಾರಾದರೂ ಯೋಚಿಸಿದ್ದಾರಾ? ಕಾಸರಗೋಡಿನ ಕ್ಲಾರ್ಕ್ ಹುದ್ದೆಗೆ ಕನ್ನಡ ಬಲ್ಲವರು ಬೇಕೆಂದು ಪಿಎಸ್‌ಸಿ ಪ್ರತ್ಯೇಕ ಅರ್ಜಿ ಕರೆಯುವುದುಂಟು. ಅರ್ಜಿ ಓದಲಿಕ್ಕೆ ಕನ್ನಡ ಬೇಕು, ಸಾಯಬೇಕೆನಿಸುತ್ತದೆ ಅನ್ನುವವನ ಮಾತು ಕೇಳಲಿಕ್ಕೆ ಬೇಡವಾ?

2020ರ ಲಾಕ್‌ಡೌನ್ ನೆನಪಿದೆಯಲ್ಲ. ಸಾರಾಯಿ ಅಂಗಡಿ ಮುಚ್ಚಿ ಕೆಲವರು ಜೀವ ಕಳೆದುಕೊಂಡಾಗ, ಡಾಕ್ಟರ ಚೀಟಿ ಇದ್ದರೆ ಮದ್ಯ ಕೊಡಬಹುದು ಅಂತ ಮಾರ್ಚ್ 30ಕ್ಕೆ ತಿರುವನಂತಪುರದಿಂದ ಆದೇಶ ಬಂತು. ಡಾಕ್ಟರುಗಳೇ ಪ್ರತಿಭಟಿಸಿದರು. ಏಪ್ರಿಲ್ 2ಕ್ಕೆ ಇಲ್ಲೇ ಕೊಚ್ಚಿಯಲ್ಲಿ ಹೈಕೋರ್ಟು ತಡೆ ಕೊಟ್ಟಿತು. ಕೋರ್ಟು ಮಾಡಿದ್ದು ಸರಿ, ನನಗೆ ಸಂಶಯವಿಲ್ಲ. ಕುಡಿತ ಬಿಟ್ಟವನ ನಡುಕಕ್ಕೆ ಮದ್ದು ಬ್ರಾಂಡಿಯಲ್ಲ. ಡಯಾಜೆಪಾಮ್‌ನಂಥ ಮಾತ್ರೆ, ಬಿ1 ವಿಟಮಿನ್, ನಾಲ್ಕೈದು ದಿನ ಕಣ್ಣಿಟ್ಟು ನೋಡುವ ಒಬ್ಬರು. ಆದರೆ ಆ ವಾರ ಪೆರ್ಲದ ಗುಡ್ಡದಲ್ಲಿ ಆ ಒಬ್ಬರು ಯಾರು? ಮಂಗಳೂರಿನ ದಾರಿಯನ್ನು ಕರ್ನಾಟಕ ಮುಚ್ಚಿತ್ತು. ಬ್ರಾಂಡಿಗೆ ಆದೇಶ ಬರೆದಷ್ಟು ಬೇಗ ಮಾತ್ರೆಗೆ ಯಾರೂ ಬರೆಯಲಿಲ್ಲ.

ಧರ್ಮಸ್ಥಳದವರ ಮದ್ಯವರ್ಜನ ಶಿಬಿರಕ್ಕೆ ನಮ್ಮ ಕಡೆಯ ಜನ ಹೋಗುವುದು ಸುಮ್ಮನೆ ಅಲ್ಲ. ಎಂಟು ದಿನ ಊರಿನ ಹತ್ತಿರವೇ, ತಮ್ಮದೇ ಮಾತಿನಲ್ಲಿ. ಒಂಬತ್ತನೇ ದಿನದಿಂದ ಸರಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರ ಕೈ ಹಿಡಿಯಬೇಕು. ಕನ್ನಡ, ತುಳು ಬಲ್ಲ ಒಬ್ಬ ಆಪ್ತಸಲಹೆಗಾರರು ವಾರಕ್ಕೊಂದು ದಿನ ಅಲ್ಲಿ ಕೂತರೂ ಎಷ್ಟೋ ಆಯ್ತು. 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್‌ನಲ್ಲಿ ಕನ್ನಡ ಸಿಗ್ತದೆ, ಅಗತ್ಯ ಇದ್ದವರು ಬರೆದಿಟ್ಟುಕೊಳ್ಳಿ. ಆದರೆ ಮಾವನ ಮನೆಯಲ್ಲಿ ರೇಂಜ್ ಸಿಗಬೇಕಾದರೆ ಅಂಗಳ ದಾಟಿ ಬಾವಿಕಟ್ಟೆಗೆ ಹೋಗಬೇಕು!

ಮುಂದಿನ ತಿಂಗಳು ಮಾವ ಮತ್ತೆ ಬರ್ತಾರೆ. ಈ ಸಲ ಅತ್ತೆಯನ್ನು ಹೊರಗೆ ಕೂರಿಸುವ ಅಂತ ಇದ್ದೇನೆ.